ಕಾಡಿನ ಕಾಲುದಾರಿಯೂ ದೇವರ ಮನೆವಾರ್ತೆಯೂ

ಧ್ಯಾನಭಾಗ: ಯೆಶಾಯ ೬೨:೧೦. ಇದರೊಡನೆ ಓದತಕ್ಕವು: ಧರ್ಮೋಪದೇಶಕಾಂಡ ೧೯:೧–೩, ನೆಹೆಮೀಯ ೩ನೆಯ ಅಧ್ಯಾಯ, ಯಾಕೋಬ ೩:೫.



ಮೇಲೆ ಸೂಚಿಸಿದ ವಚನದಲ್ಲಿ ಪ್ರವಾದಿಯು ದೇವಜನರಿಗೆ ಒಂದು ಕೆಲಸವನ್ನು ನೇಮಿಸುತ್ತಾನೆ. ಅದು ಯಜ್ಞವಲ್ಲ, ಉಪವಾಸವಲ್ಲ, ಹಾಡುವದೂ ಅಲ್ಲ. ದಾರಿಗೆ ಮಣ್ಣು ಹಾಕಿ ಎತ್ತರಿಸಿ, ಅದರಲ್ಲಿ ಬಿದ್ದಿರುವ ಕಲ್ಲುಗಳನ್ನು ಆರಿಸಿ ತೆಗೆಯಬೇಕೆಂಬದೇ ಆ ಕೆಲಸ. ಇದು ಯಾರಿಗೋಸ್ಕರ? ದೂರದೇಶದಿಂದ ತಿರಿಗಿ ಬರುವ ಜನರಿಗೋಸ್ಕರ. ಕಲ್ಲನ್ನು ಎತ್ತುವವನು ಇಲ್ಲಿದ್ದಾನೆ; ಆ ದಾರಿಯಲ್ಲಿ ನಡೆಯತಕ್ಕವನು ಇನ್ನೂ ದೂರದಲ್ಲಿದ್ದಾನೆ. ಇವನು ಅವನ ಮುಖವನ್ನು ಕಂಡಿಲ್ಲ. ಅವನು ಇವನ ಹೆಸರನ್ನು ಕೇಳಿಲ್ಲ. ಹಾಗಿದ್ದರೂ ಇವನ ಕೈ ಕೆಲಸಮಾಡದಿದ್ದರೆ ಅವನ ಕಾಲು ಎಡವುವದು.

ಇಂಥ ಅಪ್ಪಣೆಯು ಸತ್ಯವೇದದಲ್ಲಿ ಇದೊಂದೇ ಅಲ್ಲ. ಮೋಶೆಯ ಕಾಲದಲ್ಲಿ ದೇವರು ಆಶ್ರಯನಗರಗಳನ್ನು ನೇಮಿಸಿದಾಗ, ಕೈತಪ್ಪಿನಿಂದ ಕೊಲೆಮಾಡಿದವನು ಓಡಿಹೋಗಿ ಬದುಕುವ ಹಾಗೆ ಅವುಗಳಿಗೆ ಹೋಗುವ ದಾರಿಯನ್ನು ಸಿದ್ಧಮಾಡಬೇಕೆಂದೂ ಹೇಳಿದನು. ನಗರವು ತೆರೆದಿದ್ದರೂ ದಾರಿಯು ಮುಚ್ಚಿಹೋಗಿದ್ದರೆ ಓಡುವವನಿಗೆ ಪ್ರಯೋಜನವೇನು? ಯೆಹೂದ್ಯರ ಮಿಷ್ನಾ ಎಂಬ ಗ್ರಂಥದಿಂದ ತಿಳಿಯುವದೇನಂದರೆ, ಆ ದೇಶದಲ್ಲಿ ಚಳಿಗಾಲದ ಮಳೆಯು ತೀರುತ್ತಾ ಬಂದಾಗ, ಅದಾರ್ ತಿಂಗಳಿನ ೧೫ನೆಯ ದಿವಸದಲ್ಲಿ ದಾರಿಗಳನ್ನೂ ಬೀದಿಗಳನ್ನೂ ದುರಸ್ತುಮಾಡುವ ಪದ್ಧತಿಯಿತ್ತು. ದಾರಿಗಳು ಕೂಡುವ ಸ್ಥಳಗಳಲ್ಲಿ ಆಶ್ರಯ ಎಂಬ ಮಾತನ್ನು ಬರೆದು ಹಾಕುತ್ತಿದ್ದರೆಂದು ಅವರ ಹಿರಿಯರ ಪರಂಪರೆಯು ಹೇಳುತ್ತದೆ. ಮಳೆಯು ಕೆಡಿಸಿದ್ದನ್ನು ಮನುಷ್ಯನು ವರುಷವರುಷವೂ ಸರಿಮಾಡಬೇಕೆಂಬದು ಅವರಿಗೆ ದೈವಭಕ್ತಿಯ ಒಂದು ಭಾಗವಾಗಿತ್ತು.

ಪ್ರಿಯರೇ, ನಮ್ಮ ಸಭೆಗಳಲ್ಲಿ ಅನೇಕವು ಘಟ್ಟದ ಅಂಚಿನಲ್ಲಿ, ಸರಕಾರದ ಕಾಡಿನ ಪಕ್ಕದಲ್ಲಿಯೇ ಇರುತ್ತವೆ. ನಮ್ಮಲ್ಲಿ ಕೆಲವರು ಅರಣ್ಯ ಇಲಾಖೆಯಲ್ಲಿ ದಿನಗೂಲಿಗೆ ಹೋಗಿ ಬೆಂಕಿರೇಖೆಯನ್ನು ಸವರುತ್ತಾರೆ, ಕೆಲವರು ವಾಚರರಾಗಿದ್ದಾರೆ, ಉಳಿದವರು ಸೌದೆಗೂ ಜೇನಿಗೂ ಸೀಗೆಕಾಯಿಗೂ ಆ ದಾರಿಯಲ್ಲಿ ನಡೆಯುತ್ತಾರೆ. ಆದಕಾರಣ ಈ ತಿಂಗಳಿನ ಧ್ಯಾನದಲ್ಲಿ ಕಾಡಿನ ದಾರಿಯನ್ನು ಕಾಯುವ ಕೆಲಸದ ವಿಷಯವಾಗಿ ನಾಲ್ಕು ಮಾತುಗಳನ್ನು ಯೋಚಿಸೋಣ.

೧. ದಾರಿಯು ಸ್ವಲ್ಪಸ್ವಲ್ಪವಾಗಿ ಕೆಡುತ್ತದೆ

ನಮ್ಮ ಸೀಮೆಯಲ್ಲಿ ಜೂನ್ ತಿಂಗಳಿನಿಂದ ಸೆಪ್ಟೆಂಬರಿನ ವರೆಗೆ ಸುರಿಯುವ ಮಳೆಯು ಎಂಥದೆಂದು ನಿಮಗೆ ಹೇಳಬೇಕಾದದ್ದಿಲ್ಲ. ಆಗುಂಬೆಯಲ್ಲಿ ಒಂದು ವರುಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆ ನೀರು ಗುಡ್ಡದಿಂದ ಇಳಿಯುವಾಗ ಸುಲಭವಾದ ದಾರಿಯನ್ನು ಹುಡುಕುತ್ತದೆ. ಮನುಷ್ಯರ ಕಾಲು ತುಳಿದು ತುಳಿದು ಗಟ್ಟಿಯಾಗಿಯೂ ತಗ್ಗಾಗಿಯೂ ಆದ ಕಾಲುದಾರಿಯೇ ಅದಕ್ಕೆ ಸುಲಭವಾದ ದಾರಿ. ಮೊದಲನೆಯ ವರುಷ ನೀರು ಬೆರಳಗಲದ ಗೆರೆಯನ್ನು ಕೊರೆಯುತ್ತದೆ. ಎರಡನೆಯ ವರುಷ ಅದು ಮೊಳದಷ್ಟು ಆಳವಾಗುತ್ತದೆ. ಆಮೇಲೆ ಮರಗಳ ಬೇರುಗಳು ಹೊರಗೆ ಕಾಣುತ್ತವೆ, ಕಲ್ಲುಗಳು ಸಡಿಲವಾಗುತ್ತವೆ. ನಡೆಯುವವರು ಆ ಕೊರಕಲನ್ನು ಬಿಟ್ಟು ಪಕ್ಕದ ಹುಲ್ಲನ್ನು ತುಳಿಯುತ್ತಾರೆ. ಅಲ್ಲಿಯೂ ಹುಲ್ಲು ಸತ್ತು ಮತ್ತೊಂದು ಕೊರಕಲಾಗುತ್ತದೆ. ಕಡೆಗೆ ಒಬ್ಬನು ನಡೆಯುವಷ್ಟು ಅಗಲವಿದ್ದ ದಾರಿಯು ಗುಡ್ಡದ ಮೈಮೇಲೆ ದೊಡ್ಡ ಗಾಯದಂತಾಗುತ್ತದೆ. ಅಲ್ಲಿಂದ ಕೊಚ್ಚಿಹೋದ ಮಣ್ಣು ಕೆಳಗಣ ಹಳ್ಳವನ್ನು ಸೇರಿ ಕುಡಿಯುವ ನೀರನ್ನೂ ಕದಡುತ್ತದೆ.

ಇದಕ್ಕೆ ಪರಿಹಾರವೇನು? ಅನುಭವವುಳ್ಳ ಕೆಲಸಗಾರರು ಹೀಗೆ ಮಾಡುತ್ತಾರೆ. ದಾರಿಯ ಹೊರಗಣ ಅಂಚನ್ನು ಒಳಗಣ ಅಂಚಿಗಿಂತ ಸ್ವಲ್ಪ ತಗ್ಗಾಗಿ ಇಡುತ್ತಾರೆ. ಆಗ ನೀರು ದಾರಿಯ ಉದ್ದಕ್ಕೆ ಹರಿಯದೆ ಅಡ್ಡಲಾಗಿ ದಾಟಿ ಹೋಗುತ್ತದೆ. ಇಳಿಜಾರು ಹೆಚ್ಚಾದಲ್ಲಿ ಕಲ್ಲುಗಳನ್ನಾಗಲಿ ಒಂದು ಮರದ ದಿಮ್ಮಿಯನ್ನಾಗಲಿ ದಾರಿಗೆ ಓರೆಯಾಗಿ ಹೂಣಿಟ್ಟು ನೀರನ್ನು ಹೊರಕ್ಕೆ ತಿರುಗಿಸುತ್ತಾರೆ. ಆ ಕಲ್ಲಿನ ಹಿಂದೆ ತರಗೆಲೆಯೂ ಮಣ್ಣೂ ತುಂಬಿಕೊಂಡರೆ ನೀರು ಅದನ್ನು ಹಾರಿ ಮತ್ತೆ ದಾರಿಗೇ ಬೀಳುತ್ತದೆ. ಆದಕಾರಣ ಮಳೆಗೆ ಮುಂಚೆ ಒಂದು ಸಾರಿ, ಮಳೆಯ ನಡುವೆ ಒಂದು ಸಾರಿ, ಮಳೆ ನಿಂತ ಮೇಲೆ ಒಂದು ಸಾರಿ ಗುದ್ದಲಿಯಿಂದ ಅದನ್ನು ಬಿಡಿಸಬೇಕು. ಒಂದು ಗಳಿಗೆಯ ಕೆಲಸ; ಆದರೆ ಅದನ್ನು ಮೂರು ವರುಷ ಬಿಟ್ಟರೆ ಮೂವತ್ತು ಆಳುಗಳಿಂದಲೂ ಸುಲಭವಾಗಿ ತೀರದು. ಕಡಿದಾದ ಗುಡ್ಡದಲ್ಲಿ ದಾರಿಯು ಸುತ್ತಿ ಸುತ್ತಿ ಏರುವದಕ್ಕೂ ಕಾರಣವಿದೆ. ಆ ತಿರುವನ್ನು ಬಿಟ್ಟು ನೆಟ್ಟಗೆ ಇಳಿಯುವವನು ಹತ್ತು ಹೆಜ್ಜೆಯನ್ನು ಉಳಿಸಿಕೊಳ್ಳುತ್ತಾನೆ. ಅವನ ಹಿಂದೆಯೇ ನೀರೂ ನೆಟ್ಟಗೆ ಇಳಿಯುವದನ್ನು ಕಲಿಯುತ್ತದೆ.

ಪ್ರಿಯರೇ, ನಮ್ಮ ಆತ್ಮದಲ್ಲಿಯೂ ಪಾಪವು ಹೀಗೆಯೇ ಕೊರೆಯುತ್ತದಲ್ಲವೇ? ಯಾವನೂ ಒಂದೇ ದಿನದಲ್ಲಿ ಕುಡುಕನಾಗುವದಿಲ್ಲ. ಯಾವ ಮನೆಯೂ ಒಂದೇ ಮಾತಿನಿಂದ ಒಡೆಯುವದಿಲ್ಲ. ಒಂದು ಸಾಯಂಕಾಲದ ಪ್ರಾರ್ಥನೆಯನ್ನು ಬಿಟ್ಟೆವು. ಒಂದು ಸುಳ್ಳನ್ನು ಸಣ್ಣದೆಂದು ಎಣಿಸಿದೆವು. ನೆರೆಯವನೊಡನೆ ಮಾತು ಬಿಟ್ಟು ಒಂದು ವಾರ ಕಳೆಯಿತು. ಬೆರಳಗಲದ ಗೆರೆಯಿರುವಾಗಲೇ ಗುದ್ದಲಿಯನ್ನು ಹಿಡಿಯುವವನು ಜ್ಞಾನಿ. ದಿನದಿನದ ಪ್ರಾರ್ಥನೆಯೂ ವೇದಪಾಠವೂ ಪಾಪದ ಅರಿಕೆಯೂ ತರಗನ್ನು ಬಿಡಿಸುವ ಗುದ್ದಲಿಯಾಗಿವೆ.

೨. ಈ ಕೆಲಸವು ಹೀನವಾದದ್ದಲ್ಲ

ನೆಹೆಮೀಯನ ಪುಸ್ತಕದ ಮೂರನೆಯ ಅಧ್ಯಾಯವನ್ನು ಬರೇ ಹೆಸರುಗಳ ಪಟ್ಟಿ ಎಂದು ಅನೇಕರು ಓದದೆ ದಾಟಿಬಿಡುತ್ತಾರೆ. ನಾವಾದರೋ ಅದನ್ನು ನಿಧಾನವಾಗಿ ಓದಬೇಕು. ಯೆರೂಸಲೇಮಿನ ಗೋಡೆಯನ್ನು ಕಟ್ಟಿದವರಲ್ಲಿ ಯಾಜಕರಿದ್ದರು, ಅಕ್ಕಸಾಲಿಗರಿದ್ದರು, ಸುಗಂಧದ್ರವ್ಯ ಮಾಡುವವರಿದ್ದರು. ಶಲ್ಲೂಮನೆಂಬವನು ತನ್ನ ಹೆಣ್ಣುಮಕ್ಕಳೊಂದಿಗೆ ಕಟ್ಟಿದನು. ಅನೇಕರು ತಮ್ಮ ತಮ್ಮ ಮನೆಯ ಎದುರಿನ ಭಾಗವನ್ನೇ ವಹಿಸಿಕೊಂಡರು. ತೆಕೋವದ ದೊಡ್ಡ ಮನುಷ್ಯರು ಮಾತ್ರ ಈ ಕೆಲಸಕ್ಕೆ ಹೆಗಲು ಕೊಡಲಿಲ್ಲ. ಅವರ ಐಶ್ವರ್ಯವೆಷ್ಟೆಂದು ಸತ್ಯವೇದವು ಹೇಳುವದಿಲ್ಲ. ಅವರು ಕೈಕಟ್ಟಿ ನಿಂತರೆಂಬದನ್ನು ಬರೆದಿಟ್ಟಿದೆ.

ಇದಕ್ಕೆ ಸರಿಯಾದ ಒಂದು ಉದಾಹರಣೆಯು ಅಮೇರಿಕಾ ದೇಶದಲ್ಲಿದೆ. ಅಲ್ಲಿ ಅಪಲಾಚಿಯನ್ ಎಂಬ ಬೆಟ್ಟಗಳ ಸಾಲಿನ ಮೇಲೆ ಜಾರ್ಜಿಯಾ ಸಂಸ್ಥಾನದಿಂದ ಮೇಯ್ನ್ ಸಂಸ್ಥಾನದ ವರೆಗೆ ಸುಮಾರು ೩,೫೦೦ ಕಿಲೋಮೀಟರ್ ಉದ್ದದ ಕಾಲುದಾರಿಯೊಂದು ಹೋಗುತ್ತದೆ. ೧೯೨೧ರಲ್ಲಿ ಬೆಂಟನ್ ಮೆಕಾಯ್ ಎಂಬಾತನು ಇದನ್ನು ಯೋಚಿಸಿದನು. ೧೯೩೭ರಲ್ಲಿ ದಾರಿಯು ಕಡೆಯ ವರೆಗೆ ಕೂಡಿಕೊಂಡಿತು. ಅದರ ಬಹುಭಾಗವು ಸಾರ್ವಜನಿಕ ಕಾಡುಗಳ ಮೂಲಕ ಹಾಯುತ್ತದೆ. ಇಷ್ಟು ಉದ್ದದ ದಾರಿಯನ್ನು ಸರಕಾರದ ಆಳುಗಳು ಮಾತ್ರ ಕಾಯುತ್ತಾರೆಂದು ನೀವು ಎಣಿಸಬಹುದು, ಹಾಗಲ್ಲ. ಆಯಾ ಸೀಮೆಯ ಸಂಘಗಳವರು ದಾರಿಯನ್ನು ಹಂಚಿಕೊಂಡು, ತಮ್ಮ ಪಾಲಿಗೆ ಬಂದ ತುಂಡನ್ನು ಕೂಲಿಯಿಲ್ಲದೆ ಸರಿಮಾಡುತ್ತಾರೆ. ಬಿದ್ದ ಮರವನ್ನು ಕೊಯ್ಯುತ್ತಾರೆ, ನೀರಿನ ಕಾಲುವೆಯನ್ನು ಬಿಡಿಸುತ್ತಾರೆ, ದಾರಿ ತಪ್ಪದಂತೆ ಮರದ ಮೇಲೆ ಬಿಳೀ ಬಣ್ಣದ ಗುರುತನ್ನು ಹಚ್ಚುತ್ತಾರೆ. ನೆಹೆಮೀಯನ ಪಟ್ಟಿಯಂತೆಯೇ ಇದೂ ಇದೆ. ಪ್ರತಿಯೊಬ್ಬನು ತನ್ನ ತುಂಡನ್ನು ಕಾದರೆ ದಾರಿಯೆಲ್ಲಾ ಉಳಿಯುವದು.

ನಮ್ಮಲ್ಲಿ ಗುದ್ದಲಿ ಹಿಡಿಯುವ ಕೆಲಸವನ್ನು ಕೀಳೆಂದು ನೋಡುವ ದುರಭ್ಯಾಸವು ಇನ್ನೂ ಹೋಗಿಲ್ಲ. ನಾಲ್ಕು ಅಕ್ಷರ ಕಲಿತ ಮಗನು ತಂದೆಯ ಕತ್ತಿಯನ್ನು ಮುಟ್ಟಲು ನಾಚುತ್ತಾನೆ. ಕರ್ತನಾದ ಯೇಸುವು ಬಡಗಿಯಾಗಿ ಕೈಕೆಲಸಮಾಡಿದನೆಂಬದನ್ನು ಹಾಡಿನಲ್ಲಿ ಹೇಳುತ್ತೇವೆ, ಮನೆಗೆ ಬಂದು ಮರೆಯುತ್ತೇವೆ. ಮಾರ್ಚಿ ತಿಂಗಳಿನ ಬಿಸಿಲಿನಲ್ಲಿ ನೀರಿನ ಬಾಟ್ಲಿಯೊಂದನ್ನೂ ಹಸೀ ಕೊಂಬೆಯೊಂದನ್ನೂ ಹಿಡಿದು ಕಾಡ್ಗಿಚ್ಚಿಗೆ ಎದುರಾಗಿ ನಿಲ್ಲುವ ವಾಚರನ ಕೆಲಸವು ಹೀನವಾದದ್ದೋ? ೨೦೧೭ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿನಲ್ಲಿ ಬೆಂಕಿಯನ್ನು ನಂದಿಸಲು ಹೋದ ಅರಣ್ಯರಕ್ಷಕನೊಬ್ಬನು ಅದರಲ್ಲಿಯೇ ಸಿಕ್ಕಿ ಪ್ರಾಣವನ್ನು ಬಿಟ್ಟನು. ಇಂಥವರ ನೆನಪಿಗೋಸ್ಕರ ನಮ್ಮ ದೇಶದಲ್ಲಿ ಪ್ರತಿ ವರುಷ ಸೆಪ್ಟೆಂಬರ್ ೧೧ನೆಯ ದಿವಸವನ್ನು ಪ್ರತ್ಯೇಕಿಸಿದ್ದಾರೆ. ನಮ್ಮ ಸಭೆಯ ವಾಚರರಿಗೋಸ್ಕರ ನಾವು ಆರಾಧನೆಯಲ್ಲಿ ಒಂದು ಸಾರಿಯಾದರೂ ಹೆಸರು ಹೇಳಿ ಪ್ರಾರ್ಥಿಸಿದ್ದೇವೋ?

೩. ಸರಕಾರದ ಕಾಡು ಯಾರದೂ ಅಲ್ಲದ ಕಾಡಲ್ಲ

ಇನ್ನು ಕಷ್ಟವಾದ ಮಾತಿಗೆ ಬರುತ್ತೇವೆ. ನಮ್ಮ ಹಳ್ಳಿಗಳಲ್ಲಿ, ಕಾಡು ಸರಕಾರದ್ದು, ಸುಟ್ಟರೆ ಸರಕಾರಕ್ಕೇ ನಷ್ಟ, ಎಂದು ಹೇಳುವವರಿದ್ದಾರೆ. ಹೊಸ ಹುಲ್ಲು ಚಿಗುರಲೆಂದು ಕೆಲವರು ಬೆಂಕಿಯಿಡುತ್ತಾರೆ. ಬೀಡಿಯ ತುಂಡನ್ನು ಆರಿಸದೆ ಕೆಲವರು ಬಿಸಾಡುತ್ತಾರೆ. ಅರಣ್ಯದ ಅಧಿಕಾರಿಯ ಮೇಲಿನ ಸಿಟ್ಟಿನಿಂದ ಕೆಲವರು ಬೇಕೆಂದೇ ಕಡ್ಡಿ ಗೀರುತ್ತಾರೆ. ನಮ್ಮ ದೇಶದ ಕಾಡ್ಗಿಚ್ಚುಗಳಲ್ಲಿ ಬಹುಪಾಲು ಮನುಷ್ಯರ ಕೈಯಿಂದಲೇ ಹುಟ್ಟುತ್ತವೆ. ೨೦೧೯ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಬೆಂದುಹೋಯಿತು. ಕಾಡಿನ ಅಡಿಯನ್ನೆಲ್ಲಾ ಆವರಿಸಿರುವ ಲಂಟಾನದ ಪೊದೆಯು ಬೇಸಗೆಯಲ್ಲಿ ಬೆಂಕಿಗೆ ಮೇವಾಗುತ್ತದೆ. ಈ ಗಿಡವು ನಮ್ಮ ದೇಶದ್ದಲ್ಲ. ಅಮೇರಿಕಾ ಖಂಡದ ಉಷ್ಣಸೀಮೆಯಿಂದ ಅದನ್ನು ಹೂವಿನ ಅಂದಕ್ಕೋಸ್ಕರ ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ತೋಟಗಳಿಗೆ ತಂದರು. ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ಕಾಡೆಲ್ಲಾ ಬಿತ್ತಿದವು.

ಸಿಟ್ಟಿಗೆ ಕಾರಣವೇ ಇಲ್ಲವೆಂದು ನಾವು ಹೇಳುವದಿಲ್ಲ. ತಲೆತಲಾಂತರದಿಂದ ನಡೆದ ದಾರಿಯಲ್ಲಿ ಗೇಟು ಹಾಕಿದರೆ, ದನ ಮೇಯುತ್ತಿದ್ದ ಸ್ಥಳದಿಂದ ಅಟ್ಟಿದರೆ, ಬಡವನ ಹೊಟ್ಟೆ ಉರಿಯುವದು ಸಹಜವೇ. ಬೆಂಕಿಯೆಲ್ಲಾ ಪಾಪವೆಂದೂ ನಾವು ಹೇಳುವದಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದಿನ ಕಾಲದಲ್ಲಿ ಬೇಸಗೆಯು ಬಲಿಯುವದಕ್ಕೆ ಮುಂಚೆಯೇ ತರಗಿಗೆ ಸಣ್ಣ ಬೆಂಕಿಯಿಡುತ್ತಿದ್ದರು. ಅದು ನೆಲದ ಮೇಲೆಯೇ ತೆವಳಿ ಆರುತ್ತಿತ್ತೆಂದೂ ಲಂಟಾನವನ್ನು ಬೆಳೆಯಗೊಡುತ್ತಿರಲಿಲ್ಲವೆಂದೂ ಅವರ ಹಿರಿಯರು ಹೇಳುತ್ತಾರೆ. ಅವರದು ತಿಳಿದವರ ಬೆಂಕಿ. ನಾವು ಹೇಳುವದು ಸಿಟ್ಟಿನ ಬೆಂಕಿಯ ಮಾತು. ಸಂಸೋನನ ಕಥೆಯನ್ನು ನೆನಸಿರಿ. ತನಗೆ ಅನ್ಯಾಯವಾಯಿತೆಂದು ಅವನು ನರಿಗಳ ಬಾಲಕ್ಕೆ ಪಂಜು ಕಟ್ಟಿ ಫಿಲಿಷ್ಟಿಯರ ಪೈರಿಗೆ ಬಿಟ್ಟನು. ಆ ಬೆಂಕಿ ಎಲ್ಲಿಗೆ ಮುಟ್ಟಿತು? ಫಿಲಿಷ್ಟಿಯರು ಬಂದು ಅವನ ಹೆಂಡತಿಯನ್ನೂ ಮಾವನನ್ನೂ ಸುಟ್ಟುಬಿಟ್ಟರು. ಸಿಟ್ಟಿನಿಂದ ಹಚ್ಚಿದ ಬೆಂಕಿಯು ಹಚ್ಚಿದವನ ಮನೆಯನ್ನು ಹುಡುಕಿಕೊಂಡು ಬರುತ್ತದೆ. ಕಾಡು ಸುಟ್ಟರೆ ಕಚೇರಿಯಲ್ಲಿ ಕೂತವನಿಗೆ ಏನೂ ಆಗದು. ಜೇನು ಹೋಗುವದು ನಮಗೆ. ಬತ್ತುವ ಹಳ್ಳವು ನಮ್ಮದು. ಮೇವಿಲ್ಲದ ಆನೆಯು ನುಗ್ಗುವದು ನಮ್ಮ ಗದ್ದೆಗೆ. ಬೆಂಕಿ ನಂದಿಸಲು ಹೋಗಿ ಸಾಯುವವನು ನಮ್ಮಂಥ ಬಡವನ ಮಗನು. ಚಿಕ್ಕ ಕಿಡಿಯು ಎಷ್ಟು ದೊಡ್ಡ ಕಾಡನ್ನು ಉರಿಸುವದೆಂದು ಯಾಕೋಬನು ನಾಲಿಗೆಯ ವಿಷಯದಲ್ಲಿ ಹೇಳಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಅನ್ಯಾಯಕ್ಕೆ ಬೇರೆ ದಾರಿಯಿದೆ. ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯ ಮೇರೆಗೆ ಕಾಡಿನಲ್ಲಿ ವಾಸಿಸುವವರು ಗ್ರಾಮಸಭೆಯ ಮೂಲಕ ತಮ್ಮ ಹಕ್ಕನ್ನು ಕೇಳಬಹುದು. ೨೦೧೧ರಲ್ಲಿ ಅದೇ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಗಳು ಹೀಗೆ ದೊರೆತವು. ಕಡ್ಡಿ ಗೀರಿ ಅಲ್ಲ, ಅರ್ಜಿ ಬರೆದು, ಕೂಡಿ ನಿಂತು, ತಾಳ್ಮೆಯಿಂದ ಕಾದು ಅವರು ಪಡೆದರು. ಅಕ್ಷರ ಬಲ್ಲ ನಮ್ಮ ಯೌವನಸ್ಥರು ನೆರೆಯ ಬಡವರಿಗೆ ಅರ್ಜಿ ಬರೆದು ಕೊಡುವದಾದರೆ ಅದೂ ದಾರಿಯಲ್ಲಿನ ಕಲ್ಲನ್ನು ತೆಗೆಯುವ ಕೆಲಸವೇ.

ದೇವರು ಮೊದಲನೆಯ ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಅದನ್ನು ವ್ಯವಸಾಯಮಾಡುವದಕ್ಕೂ ಕಾಯುವದಕ್ಕೂ ಎಂದು ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಓದುತ್ತೇವೆ. ಪಾಪವು ಲೋಕಕ್ಕೆ ಬರುವದಕ್ಕೆ ಮುಂಚೆಯೇ ಕಾಯುವ ಕೆಲಸವು ಇತ್ತು. ಪಟ್ಟಣಕ್ಕೆ ಮುತ್ತಿಗೆ ಹಾಕುವ ಯುದ್ಧಕಾಲದಲ್ಲಿಯೂ ಹಣ್ಣಿನ ಮರಗಳಿಗೆ ಕೊಡಲಿಯಿಡಬಾರದೆಂದು ದೇವರು ಇಸ್ರಾಯೇಲ್ಯರಿಗೆ ಅಪ್ಪಣೆಕೊಟ್ಟನು. ಹೀಗಿರುವಲ್ಲಿ ಕಾಡಿನ ಪತ್ರವು ಯಾವ ಕಚೇರಿಯಲ್ಲಿದ್ದರೂ ಭೂಮಿಯು ಕರ್ತನದು. ನಾವೂ ಅಧಿಕಾರಿಯೂ ಇಬ್ಬರೂ ಆತನ ಮನೆವಾರ್ತೆಯವರು. ಇಬ್ಬರೂ ಲೆಕ್ಕ ಒಪ್ಪಿಸಬೇಕು.

೪. ದಾರಿಯಲ್ಲಿ ನಡೆಯುವವನು ಯಾರೆಂದು ಕೇಳಬಾರದು

ಕೆಲವರು ಹೀಗೆ ಕೇಳಬಹುದು: ಉಪದೇಶಿಗಳೇ, ಈ ದಾರಿಯಲ್ಲಿ ಬೇರೆ ಮತದವರು ತಮ್ಮ ದೇವಸ್ಥಾನಕ್ಕೆ ಹೋಗುತ್ತಾರೆ, ಪಟ್ಟಣದ ಹುಡುಗರು ವಿನೋದಕ್ಕೋಸ್ಕರ ಬರುತ್ತಾರೆ, ಅವರಿಗೋಸ್ಕರ ನಾವು ಯಾಕೆ ಬೆವರಬೇಕು? ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತಕ್ಕೆ ಏರುವ ದಾರಿಯನ್ನು ನೋಡಿರಿ. ಆ ಶಿಖರವು ೧,೭೧೨ ಮೀಟರ್ ಎತ್ತರವಾಗಿದೆ. ೨೦೨೪ರ ಜನವರಿಯ ಕಡೆಯ ರಜಾದಿನಗಳಲ್ಲಿ ಅಲ್ಲಿಗೆ ಜನರು ಮಿತಿಮೀರಿ ನೆರೆದದ್ದರಿಂದ, ಮುಂಗಡವಾಗಿ ಹೆಸರು ನೋಂದಿಸುವ ಏರ್ಪಾಡಿಲ್ಲದ ಚಾರಣದಾರಿಗಳನ್ನು ಸರಕಾರವು ಕೆಲವು ಕಾಲ ಮುಚ್ಚಬೇಕಾಯಿತು. ಹೋದವರು ಬಿಟ್ಟುಹೋಗುವ ಪ್ಲಾಸ್ಟಿಕನ್ನು ಬೆನ್ನುಬಾಗಿಸಿ ಆರಿಸುವವರು ಬೇರೆಯವರೇ. ಇದು ನ್ಯಾಯವೋ ಎಂದು ಕೇಳಿದರೆ, ನ್ಯಾಯವಲ್ಲ. ಕಸವನ್ನು ಹೊತ್ತು ತಂದವನೇ ಅದನ್ನು ಹೊತ್ತು ಇಳಿಸಬೇಕು. ಆದರೆ ಕರ್ತನು ನಮಗೆ ಬರೀ ನ್ಯಾಯವನ್ನಲ್ಲ, ಕೃಪೆಯನ್ನು ಕಲಿಸಿದ್ದಾನೆ. ತಂದೆಯ ಮಳೆಯು ನೀತಿವಂತನ ಹೊಲಕ್ಕೂ ಅನೀತಿವಂತನ ಹೊಲಕ್ಕೂ ಬೀಳುತ್ತದೆ. ಯೆರಿಕೋವಿನ ದಾರಿಯಲ್ಲಿ ಬಿದ್ದಿದ್ದವನ ಜಾತಿ ಮತಗಳನ್ನು ಸಮಾರ್ಯದವನು ವಿಚಾರಿಸಲಿಲ್ಲ. ಒಬ್ಬನು ನಡೆಯುವದಕ್ಕೆ ದಾರಿಯನ್ನು ಸರಿಮಾಡುವದು ಅವನ ಪೂಜೆಯಲ್ಲಿ ಪಾಲುಗಾರರಾಗುವದಲ್ಲ. ಅವನ ಕಾಲಿಗೆ ನೋವಾಗದಂತೆ ನೋಡುವದೇ. ಅವನು ಅದೇ ದಾರಿಯಲ್ಲಿ ಇಳಿದು ಬರುವಾಗ ನಮ್ಮ ಬಾಗಿಲಲ್ಲಿ ನೀರು ಕೇಳಿದರೆ ಕೊಡುವವರು ನಾವಲ್ಲವೇ?

ಮತ್ತು ದಾರಿಯು ವಿನೋದಕ್ಕೆ ಮಾತ್ರವಲ್ಲ. ಮಲೆ ಮಹದೇಶ್ವರ ಬೆಟ್ಟದ ಕಾಡುಹಳ್ಳಿಗಳಿಂದ ರೋಗಿಗಳನ್ನು ಡೋಲಿಯಲ್ಲಿ ಹೊತ್ತುಕೊಂಡು ಮೈಲುಗಟ್ಟಲೆ ನಡೆದದ್ದು ಈಚಿನ ವರುಷಗಳಲ್ಲಿಯೂ ಉಂಟು. ಬಿದ್ದ ಮರವೊಂದು ದಾರಿಗೆ ಅಡ್ಡವಾಗಿದ್ದರೆ, ಹೆರಿಗೆಯ ನೋವಿನಲ್ಲಿರುವ ತಾಯಿಯನ್ನು ಹೊತ್ತವರಿಗೆ ಅದು ಪ್ರಾಣದ ಪ್ರಶ್ನೆಯಾಗುತ್ತದೆ. ಆಶ್ರಯನಗರದ ದಾರಿಯನ್ನು ಸಿದ್ಧಮಾಡಿರೆಂಬ ಅಪ್ಪಣೆಯು ಇಂದಿಗೂ ನಿಂತಿದೆ.

ನಾವು ಮಾಡತಕ್ಕದ್ದೇನು?

ಮೊದಲು, ಅಪ್ಪಣೆಯಿಲ್ಲದೆ ಕಾಡಿನೊಳಗೆ ಕತ್ತಿ ಗುದ್ದಲಿಗಳನ್ನು ಒಯ್ಯಬಾರದು. ವನ್ಯಧಾಮಕ್ಕೂ ಮೀಸಲು ಅರಣ್ಯಕ್ಕೂ ಕಟ್ಟುಪಾಡುಗಳಿವೆ. ಸಭೆಯ ಹಿರಿಯರು ವಲಯ ಅರಣ್ಯಾಧಿಕಾರಿಗಳನ್ನು ಕಂಡು, ಯಾವ ದಾರಿ, ಎಷ್ಟು ದೂರ, ಯಾವ ದಿವಸ ಎಂದು ಕೇಳಿ ಒಪ್ಪಿಗೆಯನ್ನು ಪಡೆಯಲಿ. ಗ್ರಾಮ ಅರಣ್ಯ ಸಮಿತಿಯಿರುವ ಊರುಗಳಲ್ಲಿ ನಮ್ಮವರೂ ಅದರಲ್ಲಿ ಸೇರಲಿ. ಇಂಥ ಸಮಿತಿಗಳ ಏರ್ಪಾಡು ನಮ್ಮ ರಾಜ್ಯದಲ್ಲಿ ೧೯೯೩ರಿಂದ ಇದೆ. ಎರಡನೆಯದಾಗಿ, ಮಳೆಗಾಲಕ್ಕೆ ಮುಂಚೆ ಒಂದು ದಿವಸವನ್ನೂ ಸುಗ್ಗಿಯ ಕಾಣಿಕೆಯ ಹಬ್ಬವಾದ ಮೇಲೆ ಒಂದು ದಿವಸವನ್ನೂ ಸಭೆಯು ಈ ಕೆಲಸಕ್ಕೆ ಕೊಡಲಿ. ಗಂಡಸರು ಬಿದ್ದ ಮರವನ್ನು ದಾರಿಯ ಅಗಲದಷ್ಟು ಮಾತ್ರ ಕೊಯ್ಯಲಿ; ಉಳಿದದ್ದನ್ನು ಅಲ್ಲಿಯೇ ಬಿಡಲಿ, ಯಾಕಂದರೆ ಕೊಳೆಯುವ ದಿಮ್ಮಿಯು ಅನೇಕ ಪ್ರಾಣಿಗಳಿಗೆ ಮನೆಯೂ ನೆಲಕ್ಕೆ ಗೊಬ್ಬರವೂ ಆಗಿದೆ. ಹೆಂಗಸರೂ ಯೌವನಸ್ಥರೂ ಕಾಲುವೆಯ ತರಗನ್ನು ತೆಗೆಯಲಿ. ಸಂಡೇಸ್ಕೂಲಿನ ಮಕ್ಕಳು ಹಿರಿಯರ ಕಣ್ಣಮುಂದೆ ಪ್ಲಾಸ್ಟಿಕನ್ನು ಆರಿಸಲಿ. ಮೂರನೆಯದಾಗಿ, ಲಂಟಾನವನ್ನು ಬೇರುಸಹಿತ ಕೀಳುವ ಕೆಲಸವು ಎಲ್ಲಿ ನಡೆಯುತ್ತದೋ ಅಲ್ಲಿ ಕೈಕೊಡೋಣ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದರ ಕೋಲುಗಳಿಂದ ಕುರ್ಚಿ ಮೇಜುಗಳನ್ನು ಹೆಣೆದು ಮಾರುತ್ತಾರೆ. ಕೆಡುಕಿನ ಗಿಡವೂ ದುಡಿಯುವ ಕೈಯಲ್ಲಿ ಅನ್ನವಾಯಿತು. ನಾಲ್ಕನೆಯದಾಗಿ, ನಮ್ಮ ಮನೆಯಿಂದ ಯಾವನೂ ಕಾಡಿಗೆ ಬೆಂಕಿಯಿಡನೆಂದು ಪ್ರತಿಯೊಂದು ಕುಟುಂಬದ ಯಜಮಾನನು ದೇವರ ಸನ್ನಿಧಿಯಲ್ಲಿ ನಿರ್ಣಯಿಸಿಕೊಳ್ಳಲಿ.

ಪ್ರಿಯರೇ, ನಮ್ಮ ರಕ್ಷಕನು ತಾನೇ ದಾರಿಯಾಗಿದ್ದಾನೆ. ನಾವು ಇನ್ನೂ ದೂರದಲ್ಲಿದ್ದಾಗಲೇ, ಆತನ ಹೆಸರನ್ನು ಕೇಳದೆ ಇದ್ದಾಗಲೇ, ನಮ್ಮ ಪಾಪದ ಕಲ್ಲುಗಳನ್ನು ಆತನು ತನ್ನ ಮೇಲೆ ಹೊತ್ತುಕೊಂಡನು. ನಮ್ಮ ಪಾದಗಳು ಎಡವದಂತೆ ಆತನ ಪಾದಗಳು ಮೊಳೆಗಳಿಂದ ಚುಚ್ಚಲ್ಪಟ್ಟವು. ನಮಗೋಸ್ಕರ ಇಂಥ ದಾರಿಯನ್ನು ತೆರೆದವನ ಶಿಷ್ಯರು, ಮತ್ತೊಬ್ಬನು ನಡೆಯುವ ದಾರಿಯಲ್ಲಿ ಬಿದ್ದ ಕಲ್ಲನ್ನು ಕಂಡು ದಾಟಿಹೋಗಬಹುದೋ? ಈ ಪ್ರಶ್ನೆಗೆ ಪ್ರತಿಯೊಬ್ಬನು ತನ್ನ ಮನಸ್ಸಿನಲ್ಲಿ ಉತ್ತರ ಕೊಡಲಿ.

ಪ್ರಾರ್ಥನೆ: ಭೂಮ್ಯಾಕಾಶಗಳನ್ನು ಉಂಟುಮಾಡಿದ ತಂದೆಯೇ, ನೀನು ನೆಟ್ಟ ಮರಗಳಿಗೋಸ್ಕರವೂ ನೀನು ಹರಿಸುವ ಹಳ್ಳಗಳಿಗೋಸ್ಕರವೂ ನಿನ್ನನ್ನು ಕೊಂಡಾಡುತ್ತೇವೆ. ನಮ್ಮ ಕೈಗಳಿಂದ ಸಿಟ್ಟಿನ ಕಿಡಿಯನ್ನು ತೆಗೆದು ಪ್ರೀತಿಯ ಗುದ್ದಲಿಯನ್ನು ಕೊಡು. ಕಾಡನ್ನು ಕಾಯುವವರನ್ನು ಬೆಂಕಿಗೂ ಮೃಗಕ್ಕೂ ತಪ್ಪಿಸಿ ಸಾಯಂಕಾಲದಲ್ಲಿ ಸುಕ್ಷೇಮವಾಗಿ ಮನೆಗೆ ಸೇರಿಸು. ನಮ್ಮ ತರುವಾಯ ನಡೆಯುವವರಿಗೆ ನಮ್ಮಿಂದ ಎಡವು ಬಾರದಂತೆ ನಮ್ಮನ್ನು ಎಚ್ಚರವಾಗಿಡು. ನಮ್ಮ ಕರ್ತನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.